ಐದು ಲೀಟರ್ ನೆತ್ತರು, ಒಬ್ಬ ನೀರುಗಂಟಿ

ಎಲ್ಲರಿಗೂ ನಮಸ್ಕಾರ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಎಡಗೈ ಹೆಬ್ಬೆರಳಿನ ಉಗುರನ್ನು ಬಲಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಐದು ಎಣಿಸಿ. ಈಗ ಬಿಡಿ. ಬೆಳ್ಳಗಾಗಿದ್ದ ಉಗುರು ಮತ್ತೆ ಕೆಂಪಾಯಿತು, ಅಲ್ವಾ? ಎಷ್ಟು ಹೊತ್ತು ಹಿಡಿಯಿತು? ಎರಡು ಸೆಕೆಂಡಿನ ಒಳಗೆ ಆಗಿರಬೇಕು. ಹಿಂದಿನ ಸಾಲಿನಲ್ಲಿ ಫ್ಯಾನ್ ಕೆಳಗೆ ಕೂತು ಕೈ ತಣ್ಣಗಾದವರಿಗೆ ಒಂಚೂರು ತಡವಾಗಬಹುದು, ಗಾಬರಿ ಬೇಡ. ಈ ಉಗುರಿನ ಆಟ ನೆನಪಿರಲಿ. ಕೊನೆಗೆ ಬೇಕಾಗುತ್ತದೆ.

ನನಗೆ ಕೊಟ್ಟಿರುವ ವಿಷಯ ‘ನಮ್ಮ ದೇಹ ಹೇಗೆ ಕೆಲಸ ಮಾಡುತ್ತದೆ’. ಶಾಲೆಯ ಪುಸ್ತಕದಲ್ಲಿ ಇದು ಪಾಠ ಪಾಠವಾಗಿ ಬರುತ್ತದೆ. ಜೀರ್ಣಾಂಗಗಳು ಒಂದು ಪಾಠ, ಉಸಿರಾಟ ಒಂದು ಪಾಠ, ವಿಸರ್ಜನೆ ಇನ್ನೊಂದು. ಮಕ್ಕಳು ಚಿತ್ರ ಬರೆದು, ಭಾಗ ಗುರುತಿಸಿ, ಮಾರ್ಕ್ಸ್ ತೆಗೆದುಕೊಂಡು ಮರೆಯುತ್ತಾರೆ. ನಾನೂ ವೈದ್ಯಕೀಯ ಕಾಲೇಜಿನಲ್ಲಿ ಮೂವತ್ತು ವರ್ಷ ಹಾಗೇ ಕಲಿಸಿದೆ. ನಿವೃತ್ತನಾದ ಮೇಲೆ ಒಮ್ಮೆ ಊರಿನ ಕೆರೆ ಏರಿ ಮೇಲೆ ಕೂತಾಗ ಅನ್ನಿಸಿತು, ಇಷ್ಟು ವರ್ಷ ಪಾಠವನ್ನು ತಪ್ಪು ತುದಿಯಿಂದ ಶುರು ಮಾಡಿದೆ ಅಂತ. ಶುರು ಮಾಡಬೇಕಿದ್ದದ್ದು ನಮ್ಮೂರಿನ ನೀರುಗಂಟಿಯಿಂದ.

ಕೋಲಾರದ ಕಡೆಯವರಿಗೆ ನೀರುಗಂಟಿ ಅಂದರೆ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಯಾವ ಗದ್ದೆಗೆ ಯಾವತ್ತು ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು, ಇದಕ್ಕೇ ಒಬ್ಬ ಮನುಷ್ಯ ಇರುತ್ತಿದ್ದ. ಸುಗ್ಗಿಯಲ್ಲಿ ಅವನ ಪಾಲಿನ ಕಾಳು ಕಣದಲ್ಲೇ ಕೊಡುತ್ತಿದ್ದರು. ನಾನು ಹುಡುಗನಾಗಿದ್ದಾಗ ನಮ್ಮೂರ ನೀರುಗಂಟಿ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ರಾತ್ರಿಯೂ ಕಾಲುವೆ ಮೇಲೆ ಓಡಾಡುತ್ತಿದ್ದ. ಕೆರೆ ಕೋಡಿ ಬಿದ್ದ ವರ್ಷವೂ ಅಚ್ಚುಕಟ್ಟಿನ ಎಲ್ಲ ಗದ್ದೆಗೂ ಒಟ್ಟಿಗೆ ನೀರು ಬಿಡುತ್ತಿರಲಿಲ್ಲ. ಸರದಿ. ಬಿಟ್ಟರೆ ಕಾಲುವೆಯಲ್ಲಿ ನೀರಿನ ಮಟ್ಟ ಇಳಿದು ಕೊನೆಯ ಗದ್ದೆಗೆ ಏನೂ ತಲುಪುತ್ತಿರಲಿಲ್ಲ.

ನಿಮ್ಮ ದೇಹದಲ್ಲಿರುವ ರಕ್ತ ಸುಮಾರು ಐದು ಲೀಟರ್. ಒಂದು ಸಣ್ಣ ಕೊಡದಷ್ಟೂ ಇಲ್ಲ. ಎಲ್ಲ ರಕ್ತನಾಳಗಳೂ ಒಟ್ಟಿಗೆ ಪೂರ್ತಿ ಅಗಲವಾಗಿ ತೆರೆದುಕೊಂಡರೆ ಅವುಗಳನ್ನು ತುಂಬಲು ಈ ಐದು ಲೀಟರ್ ಸಾಲುವುದಿಲ್ಲ. ಬಿಪಿ ನೆಲಕಚ್ಚುತ್ತದೆ, ಮನುಷ್ಯ ಉಳಿಯುವುದಿಲ್ಲ. ಹಾಗಾಗಿ ಈ ಶರೀರದಲ್ಲಿ ಹಗಲು ರಾತ್ರಿ ನಡೆಯುವುದು ಹಂಚಿಕೆಯ ಕೆಲಸ. ಯಾರಿಗೆ ಈಗ ಬೇಕು, ಯಾರು ಸ್ವಲ್ಪ ಕಾಯಬಹುದು, ಯಾರ ತೂಬನ್ನು ಮುಚ್ಚಲೇಬಾರದು.

ಈ ರಕ್ತ ಸುತ್ತುತ್ತದೆ ಅನ್ನೋದೇ ಮನುಷ್ಯನಿಗೆ ಬಹಳ ಕಾಲ ಗೊತ್ತಿರಲಿಲ್ಲ. ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಯುರೋಪ್ ಸುಮಾರು 1400 ವರ್ಷ ನಂಬಿತ್ತು. ತಿಂದ ಅನ್ನದಿಂದ ಲಿವರ್ ರಕ್ತ ಮಾಡುತ್ತದೆ, ಅದು ಅಂಗಗಳಿಗೆ ಹರಿದು ಅಲ್ಲೇ ಇಂಗಿಹೋಗುತ್ತದೆ, ನಾಳೆಗೆ ಹೊಸ ರಕ್ತ. ಗದ್ದೆಗೆ ಬಿಟ್ಟ ನೀರು ಮಣ್ಣಿನಲ್ಲಿ ಇಂಗಿದ ಹಾಗೆ. ಕೇಳಿದರೆ ಸರಿ ಅಂತಲೇ ಅನ್ನಿಸುತ್ತದೆ.

ಇಂಗ್ಲೆಂಡಿನ ವಿಲಿಯಂ ಹಾರ್ವೆ ಇದನ್ನು ಮುರಿದದ್ದು ಬರೀ ಗುಣಾಕಾರದಿಂದ. ನಮ್ಮ ಈಗಿನ ಅಂಕಿಯಲ್ಲೇ ಮಾಡಿ ನೋಡೋಣ. ಗುಂಡಿಗೆ ಒಂದು ಬಡಿತಕ್ಕೆ 70 ಮಿಲಿಲೀಟರ್ ರಕ್ತ ತಳ್ಳುತ್ತದೆ, ಒಂದು ಕಾಫಿ ಲೋಟದ ಅರ್ಧ. ನಿಮಿಷಕ್ಕೆ 72 ಬಡಿತ. ಅಂದರೆ ನಿಮಿಷಕ್ಕೆ ಐದು ಲೀಟರ್. ಗಂಟೆಗೆ 300 ಲೀಟರ್. ದಿನಕ್ಕೆ 7000 ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ ನೀರಿನ ಟ್ಯಾಂಕರ್ ನೆನಪು ಮಾಡಿಕೊಳ್ಳಿ. ಎರಡು ಮುದ್ದೆ, ಒಂದು ಬಟ್ಟಲು ಸಾರು ಉಂಡು ದಿನಕ್ಕೆ ಒಂದು ಟ್ಯಾಂಕರ್ ರಕ್ತ ಮಾಡುವ ಲಿವರ್ ಎಲ್ಲಿದೆ? ಹಾರ್ವೆ ಹಿಡಿದ ಅಂಕಿ ಇದಕ್ಕಿಂತ ಬಹಳ ಕಮ್ಮಿ. ಆದರೂ ಅರ್ಧ ಗಂಟೆಯಲ್ಲಿ ಗುಂಡಿಗೆ ತಳ್ಳುವ ರಕ್ತ ಇಡೀ ದೇಹದಲ್ಲಿರುವುದಕ್ಕಿಂತ ಜಾಸ್ತಿಯಾಯಿತು. ಅಂದಮೇಲೆ ಹೋದದ್ದೇ ತಿರುಗಿ ಬರುತ್ತಿರಬೇಕು. 1628ರಲ್ಲಿ ಇದನ್ನು ಅಚ್ಚು ಹಾಕಿಸಿದ.

ಅವನು ತೋರಿಸಿದ ಒಂದು ಪ್ರಯೋಗ ನೀವೂ ಮಾಡಬಹುದು. ಮುಂಗೈ ನರ ಎದ್ದು ಕಾಣುವವರು, ಅಂದರೆ ಕಷ್ಟದ ಕೆಲಸ ಮಾಡಿದ ಕೈ ಇರುವವರು, ಕೈಯನ್ನು ಕೆಳಗೆ ಇಳಿಬಿಡಿ. ನಾವು ನರ ನರ ಅಂತ ಕರೆಯುವ ಆ ನೀಲಿ ಗೆರೆ ನಿಜವಾಗಿ ನರ ಅಲ್ಲ, ರಕ್ತ ವಾಪಸ್ ತರುವ ಅಭಿಧಮನಿ. ಒಂದು ಬೆರಳಿನಿಂದ ಅದನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ ಸವರಿ ರಕ್ತ ಖಾಲಿ ಮಾಡಿ, ಆ ಬೆರಳು ತೆಗೆಯಿರಿ. ಮೇಲಿನ ರಕ್ತ ಕೆಳಗಿಳಿದು ಒಂದು ಗಂಟಿನ ಹತ್ತಿರ ನಿಂತುಬಿಡುತ್ತದೆ. ಆ ಗಂಟೇ ಕವಾಟ. ಗುಂಡಿಗೆ ಕಡೆಗೆ ಬಿಡುತ್ತದೆ, ಹಿಂದಕ್ಕೆ ಬಿಡುವುದಿಲ್ಲ. ಹಾರ್ವೆಯ ಗುರು ಈ ಕವಾಟಗಳನ್ನು ಕಂಡಿದ್ದರು, ಯಾಕಿವೆ ಅಂತ ಶಿಷ್ಯ ಹೇಳಿದ.

ಒಂದು ಮಾತ್ರ ಅವನಿಗೆ ಕಾಣಲಿಲ್ಲ. ಹೋಗುವ ನಾಳದಿಂದ ಬರುವ ನಾಳಕ್ಕೆ ರಕ್ತ ದಾಟುವುದು ಎಲ್ಲಿ? ಸೂಕ್ಷ್ಮದರ್ಶಕ ಬೇಕಿತ್ತು. 1661ರಲ್ಲಿ ಇಟಲಿಯ ಮಾಲ್ಪೀಗಿ ಕಪ್ಪೆಯ ಶ್ವಾಸಕೋಶದಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ನಾಳಗಳನ್ನು ಕಂಡ. ಅವೇ ಲೋಮನಾಳಗಳು. ಅಷ್ಟು ಹೊತ್ತಿಗೆ ಹಾರ್ವೆ ಸತ್ತು ನಾಲ್ಕು ವರ್ಷ. ಲೋಮನಾಳ ಎಷ್ಟು ಸಣ್ಣದು ಅಂದರೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು, ಮೈ ಮಡಿಸಿಕೊಂಡು ನುಸುಳಬೇಕು. ಗಾಳಿ, ಅನ್ನ, ಕಸ, ಎಲ್ಲದರ ಕೊಡುಕೊಳ್ಳುವಿಕೆ ಅಲ್ಲೇ. ನೀವು ಈಗ ಉಗುರು ಒತ್ತಿದಾಗ ಖಾಲಿಯಾಗಿ ಮತ್ತೆ ತುಂಬಿದ್ದು ಇವೇ.

ಹಾಗಾದರೆ ತೂಬು ಎಲ್ಲಿದೆ? ಲೋಮನಾಳಕ್ಕೆ ಸ್ವಲ್ಪ ಹಿಂದೆ. ಅಲ್ಲಿನ ಸಣ್ಣ ಅಪಧಮನಿಗಳ, ಅಂದರೆ ರಕ್ತ ಒಯ್ಯುವ ನಾಳಗಳ, ಸುತ್ತ ಸ್ನಾಯುವಿನ ಬಳೆಗಳಿವೆ. ಬಳೆ ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲವಾದರೆ ಹಿಗ್ಗುತ್ತದೆ. ಇಲ್ಲೊಂದು ಲೆಕ್ಕದ ಸೊಗಸಿದೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧ ಆಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಇಲ್ಲ. ಹದಿನಾರನೇ ಒಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬಳೆ ಒಂದು ಎಳೆಯಷ್ಟು ಬಿಗಿದರೂ ಸಾಕು, ಆ ಅಂಗದ ಪಾಲು ಬದಲಾಗುತ್ತದೆ.

ತೂಬು ಆಡಿಸುವವರು ಇಬ್ಬರು. ಒಬ್ಬ ಮೆದುಳಿನ ಬುಡದಲ್ಲಿ ಕೂತಿದ್ದಾನೆ, ನಮ್ಮ ಮಾತಿಗೆ ಕಿವಿಗೊಡದ ನರಗಳ ಮೂಲಕ ದೂರದಿಂದಲೇ ಬಳೆಗಳನ್ನು ಬಿಗಿಯುತ್ತಾನೆ, ಸಡಿಲಿಸುತ್ತಾನೆ. ಇವನನ್ನೇ ನಾನು ನೀರುಗಂಟಿ ಅನ್ನುವುದು. ಇನ್ನೊಬ್ಬ ಗದ್ದೆಯೇ. ಯಾವ ಮಾಂಸಖಂಡ ಜಾಸ್ತಿ ದುಡಿಯುತ್ತದೋ ಅಲ್ಲಿ ಇಂಗಾಲದ ಡೈಆಕ್ಸೈಡ್, ಆಮ್ಲ ಸೇರುತ್ತವೆ. ಆ ಕಸವೇ ಪಕ್ಕದ ಬಳೆಯನ್ನು ಸಡಿಲಿಸಿ ರಕ್ತ ಕರೆಸಿಕೊಳ್ಳುತ್ತದೆ. ನಮ್ಮೂರಲ್ಲಿ ಹೀಗೆ ತಾನೇ ಕಟ್ಟೆ ಒಡೆದು ನೀರು ತಿರುಗಿಸಿಕೊಂಡವನಿಗೆ ಪಂಚಾಯ್ತಿಯಲ್ಲಿ ದಂಡ ಬೀಳುತ್ತಿತ್ತು. ಹೋಲಿಕೆ ಅಲ್ಲಿಗೆ ಮುರಿಯಿತು ಅನ್ನಿ.

ಸುಮ್ನೆ ಕೂತಿರುವಾಗ ಹಂಚಿಕೆ ಹೀಗಿರುತ್ತದೆ. ನಿಮಿಷಕ್ಕೆ ಹರಿಯುವ ಐದು ಲೀಟರಿನಲ್ಲಿ ಕರುಳು, ಲಿವರ್ ಕಡೆಗೆ ಸುಮಾರು ಒಂದೂಕಾಲು ಒಂದೂವರೆ ಲೀಟರ್. ಎರಡು ಕಿಡ್ನಿಗೆ ಒಂದು ಲೀಟರಿಗೂ ಸ್ವಲ್ಪ ಜಾಸ್ತಿ. ಇಡೀ ಮೈಯ ಮಾಂಸಖಂಡಕ್ಕೆಲ್ಲ ಸೇರಿ ಒಂದು ಲೀಟರ್. ಮೆದುಳಿಗೆ ಮುಕ್ಕಾಲು. ಗುಂಡಿಗೆ ತನಗೆ ಅಂತ ಇಟ್ಟುಕೊಳ್ಳುವುದು ಕಾಲು ಲೀಟರ್. ಅದನ್ನೂ ಬಹುಪಾಲು ಪಡೆಯುವುದು ಎರಡು ಬಡಿತದ ನಡುವೆ ತಾನು ಸಡಿಲವಾದ ಹೊತ್ತಿನಲ್ಲಿ. ಬಡಿಯುವಾಗ ಅದರ ಸ್ನಾಯು ಬಿಗಿದು ತನ್ನ ನಾಳವನ್ನು ತಾನೇ ಹಿಸುಕಿಕೊಂಡಿರುತ್ತದೆ. ಉಳಿದದ್ದು ಚರ್ಮ, ಮೂಳೆ ಇತ್ಯಾದಿ.

ಈಗ ಎದ್ದು ಅಂತರಗಂಗೆ ಬೆಟ್ಟ ಹತ್ತೋಣ.

ಮೊದಲ ಹತ್ತು ಮೆಟ್ಟಿಲಿಗೇ ತೊಡೆ ರಕ್ತ ಕೇಳುತ್ತದೆ. ಗುಂಡಿಗೆ 72ರಿಂದ 120, 150ಕ್ಕೆ ಏರುತ್ತದೆ. ನಿಮಿಷಕ್ಕೆ ಐದು ಲೀಟರ್ ಇದ್ದದ್ದು ಹದಿನೈದು, ಇಪ್ಪತ್ತು ಲೀಟರ್ ಆಗುತ್ತದೆ. ರಕ್ತ ಅದೇ ಐದು ಲೀಟರ್, ಸುತ್ತುವ ವೇಗ ಜಾಸ್ತಿ ಅಷ್ಟೆ. ಕರುಳಿನ ತೂಬು, ಕಿಡ್ನಿಯ ತೂಬು ಬಿಗಿಯುತ್ತವೆ. ಮಾಂಸಖಂಡಕ್ಕೆ ಒಂದು ಲೀಟರ್ ಇದ್ದ ಕಡೆ ಹತ್ತು ಹನ್ನೆರಡು ಲೀಟರ್ ಹರಿಯುತ್ತದೆ. ಗುಂಡಿಗೆ ಒಂದೇ ಇಷ್ಟು ಮಾಡುತ್ತದೆ ಅಂದುಕೊಳ್ಳಬೇಡಿ. ಮೀನಖಂಡ ಪ್ರತಿ ಹೆಜ್ಜೆಗೂ ಬಿಗಿದು ಅಭಿಧಮನಿಯನ್ನು ಹಿಂಡುತ್ತದೆ, ಕವಾಟ ಇರುವುದರಿಂದ ರಕ್ತಕ್ಕೆ ಮೇಲಕ್ಕೆ ಬಿಟ್ಟು ಬೇರೆ ದಾರಿ ಇಲ್ಲ. ಹಿಂದಿರುಗಿ ಬಂದಷ್ಟನ್ನು ಮಾತ್ರ ಗುಂಡಿಗೆ ಮುಂದಕ್ಕೆ ತಳ್ಳಬಲ್ಲದು.

ಉಸಿರಿಗೂ ಕೆಲಸ ಬಂತು. ಕೂತಿರುವಾಗ ಒಂದು ಉಸಿರಿಗೆ ಅರ್ಧ ಲೀಟರ್ ಗಾಳಿ, ನಿಮಿಷಕ್ಕೆ ಹನ್ನೆರಡು ಹದಿನೈದು ಸಲ. ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಗಾಳಿಗೂಡುಗಳಿವೆ. ಎಲ್ಲವನ್ನೂ ಬಿಡಿಸಿ ಹಾಸಿದರೆ ಒಂದು ಶಟಲ್ ಕೋರ್ಟಿಗಿಂತ ಸ್ವಲ್ಪ ಕಮ್ಮಿ ಜಾಗ ಮುಚ್ಚುತ್ತವೆ. ಒಂದು ರಕ್ತಕಣ ಆ ಗೂಡಿನ ಪಕ್ಕ ಹಾದುಹೋಗಲು ಮುಕ್ಕಾಲು ಸೆಕೆಂಡು. ಆಮ್ಲಜನಕ ತುಂಬಿಕೊಳ್ಳಲು ಬೇಕಿರುವುದು ಅದರಲ್ಲಿ ಮೂರನೇ ಒಂದು ಭಾಗ. ಉಳಿದದ್ದು ಬೆಟ್ಟ ಹತ್ತುವ ದಿನಕ್ಕೆ ಇಟ್ಟ ಬಿಡುವು.

ಏದುಸಿರು ಬರುವುದು ಆಮ್ಲಜನಕ ಕಮ್ಮಿಯಾಗಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಸಾಮಾನ್ಯವಾಗಿ ಅಲ್ಲ. ಮೆದುಳಿನ ಬುಡದಲ್ಲಿರುವ ಉಸಿರಿನ ಕೇಂದ್ರ ಮುಖ್ಯವಾಗಿ ಕಾಯುವುದು ಇಂಗಾಲದ ಡೈಆಕ್ಸೈಡನ್ನು. ಉಸಿರು ಬಿಗಿಹಿಡಿದಾಗ ‘ಇನ್ನು ಆಗಲ್ಲ’ ಅನ್ನಿಸುವುದು ಅದು ಏರಿದ್ದಕ್ಕೆ. ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ನಮ್ಮ ಹುಡುಗರು ಬೇಸಿಗೆ ರಜೆಯಲ್ಲಿ ಬಾವಿಯಲ್ಲಿ ಮುಳುಗಿ ಯಾರು ಜಾಸ್ತಿ ಹೊತ್ತು ಇರುತ್ತಾರೆ ಅಂತ ಪಂದ್ಯ ಕಟ್ಟುತ್ತಾರೆ. ಮುಳುಗುವ ಮುಂಚೆ ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ಜಾಸ್ತಿ ಹೊತ್ತು ಇರಬಹುದು ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ಹಾಗೆ ಮಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಎಚ್ಚರಿಸುವ ಇಂಗಾಲದ ಡೈಆಕ್ಸೈಡ್ ತೊಳೆದುಹೋಗುತ್ತದೆ. ಆಮೇಲೆ ನೀರೊಳಗೆ ಉಸಿರು ಬೇಕು ಅನ್ನಿಸುವ ಮುಂಚೆಯೇ ಎಚ್ಚರ ತಪ್ಪುತ್ತದೆ. ಈಜು ಬಲ್ಲ ಹುಡುಗ ಸದ್ದಿಲ್ಲದೆ ಮುಳುಗುವುದು ಹೀಗೆ. ಮನೆಯಲ್ಲಿ ಮಕ್ಕಳಿರುವವರು ಇವತ್ತು ಹೋಗಿ ಇದೊಂದನ್ನು ಹೇಳಿ.

ಅರ್ಧ ಬೆಟ್ಟಕ್ಕೆ ಬೆವರು. ಮಾಂಸಖಂಡ ಸುಡುವ ಶಕ್ತಿಯಲ್ಲಿ ಕೆಲಸಕ್ಕೆ ಒದಗುವುದು ಕಾಲು ಭಾಗ ಮಾತ್ರ, ಉಳಿದದ್ದು ಬಿಸಿ. ಆ ಬಿಸಿಯನ್ನು ಹೊತ್ತು ತಂದು ಹೊರಗೆ ಹಾಕಲು ಚರ್ಮದ ತೂಬೂ ತೆರೆಯಬೇಕು. ಈಗ ನೀರುಗಂಟಿಗೆ ಪೇಚಾಟ. ತೊಡೆಗೂ ಬೇಕು, ಚರ್ಮಕ್ಕೂ ಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಬೆಟ್ಟ ಹತ್ತುವವರಿಗೆ ತಲೆ ಸುತ್ತುವುದು ಇದಕ್ಕೇ. ಮಂಜಿನ ಬೆಳಗ್ಗೆ ಹತ್ತಿದರೆ ಅದೇ ಮೆಟ್ಟಿಲು, ಅರ್ಧ ಕಷ್ಟ.

ನಮ್ಮ ಹೆಣ್ಣುಮಕ್ಕಳು ಬೆಟ್ಟ ಬಿಡಿ, ಮಹಡಿ ಹತ್ತಿದರೂ ‘ಎದೆ ಡವಡವ ಅನ್ನುತ್ತೆ’ ಅನ್ನುತ್ತಾರೆ. ವಯಸ್ಸಾಯ್ತು ಅಂತ ಸುಮ್ಮನಾಗುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅಲ್ಲಿ ತೂಬು ಸರಿ, ಕಾಲುವೆ ಸರಿ, ರಕ್ತವೇ ತೆಳು. ಕಣ ಹೊರುವ ಆಮ್ಲಜನಕ ಕಮ್ಮಿ, ಅದಕ್ಕೆ ಗುಂಡಿಗೆ ಎರಡು ಸುತ್ತು ಜಾಸ್ತಿ ಓಡಿಸುತ್ತದೆ. ಒಂದು ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಅಮ್ಮ, ವಯಸ್ಸನ್ನು ಆಮೇಲೆ ಬೈಯೋಣ.

ಇನ್ನು ಹೊಟ್ಟೆ. ಇಲ್ಲಿ ಒಂದು ಕಥೆ ಹೇಳದೆ ಮುಂದೆ ಹೋಗಲಾರೆ.

1822ರ ಜೂನ್. ಅಮೆರಿಕದ ಮ್ಯಾಕಿನಾಕ್ ದ್ವೀಪ. ತುಪ್ಪಳದ ವ್ಯಾಪಾರಿಗಳ ಹತ್ತಿರ ಕೂಲಿಗಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಹುಡುಗನಿಗೆ ತೀರಾ ಹತ್ತಿರದಿಂದ ಆಕಸ್ಮಿಕವಾಗಿ ಗುಂಡು ತಗುಲಿತು. ಪಕ್ಕೆಲುಬು ಮುರಿದು ಜಠರದಲ್ಲಿ ತೂತಾಯಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ನೋಡಿದ, ಬದುಕುವುದಿಲ್ಲ ಅಂದುಕೊಂಡ. ಹುಡುಗ ಬದುಕಿದ. ಆದರೆ ತೂತು ಮುಚ್ಚಲಿಲ್ಲ. ಜಠರದ ಗೋಡೆ ಹೊಟ್ಟೆಯ ಗೋಡೆಗೆ ಅಂಟಿಕೊಂಡು ಒಂದು ಕಿಟಕಿಯಾಗಿ ಉಳಿಯಿತು. ವೈದ್ಯನಿಗೆ ಆಸೆ ಹುಟ್ಟಿತು. ಮಾಂಸದ ತುಂಡು, ಬ್ರೆಡ್ಡು, ಎಲೆಕೋಸು, ಇವನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ಕಿಟಕಿಯಿಂದ ಒಳಗೆ ಇಳಿಬಿಡುವುದು. ಗಂಟೆಗೊಮ್ಮೆ ಎಳೆದು ಎಷ್ಟು ಕರಗಿದೆ ನೋಡುವುದು. ಬಾವಿಗೆ ಕೊಡ ಇಳಿಬಿಟ್ಟ ಹಾಗೆ. ಹೀಗೆ ಇನ್ನೂರಕ್ಕೂ ಮಿಕ್ಕಿ ಪ್ರಯೋಗ ಮಾಡಿ 1833ರಲ್ಲಿ ಪ್ರಕಟಿಸಿದ.

ಹೊಟ್ಟೆ ಬರೀ ಅರೆಯುವ ಒರಳಲ್ಲ, ಅಲ್ಲಿ ಆಮ್ಲ ಸುರಿಯುತ್ತದೆ, ಆ ರಸ ಲೋಟದಲ್ಲಿ ಇಟ್ಟರೂ ಮಾಂಸ ಕರಗಿಸುತ್ತದೆ ಅಂತ ಸಾಬೀತಾಯಿತು. ನನಗೆ ಅದಕ್ಕಿಂತ ಇಷ್ಟವಾದದ್ದು ಇನ್ನೊಂದು ಟಿಪ್ಪಣಿ. ಹುಡುಗನಿಗೆ ಸಿಟ್ಟು ಬಂದಾಗ ಜಠರದ ಒಳಮೈ ಬಣ್ಣವೇ ಬದಲಾಗುತ್ತಿತ್ತು, ಅನ್ನ ಕರಗುವುದು ಕೆಡುತ್ತಿತ್ತು. ಹದವಾಗಿ ಓಡಾಡಿದರೆ ಜೀರ್ಣ ಚೆನ್ನಾಗಿ, ಮೈಮುರಿಯುವ ಹಾಗೆ ದುಡಿದರೆ ನಿಧಾನ. ನೀರುಗಂಟಿಯ ಕೈಚಳಕವನ್ನು ಬೋಮಾಂಟ್ ಕಿಟಕಿಯಿಂದ ಕಂಡ. ಹಾಗಂತ ಅವನನ್ನು ಬರೀ ಹೊಗಳುವುದೂ ಕಷ್ಟ. ಬಡ ಕೂಲಿಯ ಹೊಟ್ಟೆಯನ್ನು ಕರಾರು ಬರೆಸಿಕೊಂಡು ವರ್ಷಗಟ್ಟಲೆ ಪ್ರಯೋಗಕ್ಕೆ ಇಟ್ಟುಕೊಂಡದ್ದು ಅದು. ಹುಡುಗನಿಗೆ ಸಿಟ್ಟು ಯಾಕೆ ಬರುತ್ತಿತ್ತು ಅಂತ ನನಗಂತೂ ಅರ್ಥವಾಗುತ್ತದೆ. 1880ರಲ್ಲಿ ಸೇಂಟ್ ಮಾರ್ಟಿನ್ ಸತ್ತಾಗ, ವೈದ್ಯರು ಬಂದು ಆ ಹೊಟ್ಟೆ ಕೊಯ್ಯಬಾರದು ಅಂತ ಮನೆಯವರು ಹೆಣ ಕೊಳೆಯುವವರೆಗೂ ಇಟ್ಟುಕೊಂಡು ಆಮೇಲೆ ಆಳವಾಗಿ ಮಣ್ಣು ಮಾಡಿದರು.

ಊಟ ಆದ ಮೇಲೆ ನಿದ್ದೆ ಬರುವುದು ಮೆದುಳಿನ ರಕ್ತವೆಲ್ಲ ಹೊಟ್ಟೆಗೆ ಹೋಗುವುದರಿಂದ ಅಂತ ಒಂದು ಮಾತಿದೆ. ಕೇಳಲು ಚೆನ್ನಾಗಿದೆ, ನಿಜ ಅಲ್ಲ. ಹೊಟ್ಟೆಗೆ ರಕ್ತ ಜಾಸ್ತಿ ಹೋಗುತ್ತದೆ, ಸರಿ. ಅದನ್ನು ಕೊಡುವುದು ಮೆದುಳಲ್ಲ. ಕರುಳಿನಿಂದ ಹೊರಡುವ ಹಾರ್ಮೋನುಗಳು, ಮಧ್ಯಾಹ್ನದ ಹೊತ್ತಿಗೆ ತಾನಾಗಿ ಇಳಿಯುವ ಎಚ್ಚರ, ಇವು ಸೇರಿ ಕಣ್ಣು ಎಳೆಯುತ್ತವೆ. ಮೆದುಳಿನ ಪಾಲನ್ನು ನೀರುಗಂಟಿ ಮುಟ್ಟುವುದೇ ಇಲ್ಲ. ಬೆಟ್ಟ ಹತ್ತಿ, ಬಾಡೂಟ ಉಣ್ಣಿ, ಮಲಗಿ, ಅದಕ್ಕೆ ಮುಕ್ಕಾಲು ಲೀಟರ್ ಬಂದೇ ಬರುತ್ತದೆ. ತೂಕದಲ್ಲಿ ದೇಹದ ನೂರಕ್ಕೆ ಎರಡು ಪಾಲು, ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು. ಕೂಡಿಟ್ಟುಕೊಳ್ಳಲು ಕಣಜವೂ ಇಲ್ಲ. ರಕ್ತ ಪೂರಾ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ.

ಈ ಪಾಲು ತಪ್ಪದ ಹಾಗೆ ಕಾಯಲು ಕುತ್ತಿಗೆಯ ಎರಡೂ ಬದಿ, ದವಡೆಯ ಕೆಳಗೆ, ರಕ್ತದ ಒತ್ತಡ ಅಳೆಯುವ ನರದ ತುದಿಗಳಿವೆ. ನೀವು ಎದ್ದು ನಿಂತಾಗಲೆಲ್ಲ ಅರ್ಧ ಲೀಟರಿಗೂ ಮೀರಿ ರಕ್ತ ಕಾಲಿನ ಕಡೆ ಜಾರುತ್ತದೆ. ಆ ತುದಿಗಳು ತಕ್ಷಣ ಕೂಗುತ್ತವೆ, ತೂಬುಗಳು ಬಿಗಿಯುತ್ತವೆ, ಗುಂಡಿಗೆ ನಾಲ್ಕು ಬಡಿತ ಜಾಸ್ತಿ ಬಡಿಯುತ್ತದೆ. ನಿಮಗೆ ಗೊತ್ತೇ ಆಗುವುದಿಲ್ಲ. ವಯಸ್ಸಾದವರಲ್ಲಿ, ಬಿಪಿ ಮಾತ್ರೆ ತಿನ್ನುವವರಲ್ಲಿ ಈ ಕೂಗು ತಡವಾಗುತ್ತದೆ. ನಮ್ಮ ಸೋದರಮಾವ ಬೆಳಗಿನ ಜಾವ ಹಾಸಿಗೆಯಿಂದ ದಡಕ್ಕನೆ ಎದ್ದು ಬಚ್ಚಲಿಗೆ ಹೊರಟು ಬಾಗಿಲಲ್ಲೇ ಬಿದ್ದು ಸೊಂಟ ಮುರಿದುಕೊಂಡರು. ಎದ್ದು, ಮಂಚದ ಅಂಚಿನಲ್ಲಿ ಒಂದು ನಿಮಿಷ ಕಾಲು ಇಳಿಬಿಟ್ಟು ಕೂತಿದ್ದರೆ ಸಾಕಿತ್ತು.

ಆಗಸ್ಟ್ 15ರಂದು ಶಾಲೆ ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಂತಿರುತ್ತಾರೆ. ಅತಿಥಿಗಳ ಭಾಷಣ ಮುಗಿಯುವುದಿಲ್ಲ. ಒಂದು ಮಗು ಧೊಪ್ಪನೆ ಬೀಳುತ್ತದೆ. ‘ತಿಂಡಿ ತಿಂದಿಲ್ಲ’ ಅನ್ನುತ್ತಾರೆ. ಇರಬಹುದು. ಮುಖ್ಯ ಕಾರಣ, ಅಲ್ಲಾಡದೆ ನಿಂತ ಮೀನಖಂಡ ರಕ್ತ ಮೇಲೆ ತಳ್ಳುತ್ತಿಲ್ಲ, ಬಿಸಿಲಿಗೆ ಚರ್ಮದ ತೂಬು ತೆರೆದಿದೆ. ತಲೆಗೆ ಸಿಗಲಿಲ್ಲ. ಬೀಳುವುದೇ ಅದಕ್ಕೆ ಔಷಧಿ, ಮಲಗಿದರೆ ತಲೆ, ಗುಂಡಿಗೆ ಒಂದೇ ಮಟ್ಟಕ್ಕೆ ಬರುತ್ತವೆ. ನಾವು ಏನು ಮಾಡುತ್ತೇವೆ? ನಾಲ್ಕು ಜನ ಓಡಿ ಹೋಗಿ ಎತ್ತಿ ಕುರ್ಚಿಯಲ್ಲಿ ಕೂರಿಸಿ, ಎಚ್ಚರ ಇಲ್ಲದ ಬಾಯಿಗೆ ನೀರು ಹುಯ್ಯುತ್ತೇವೆ! ಮಲಗಿರಲು ಬಿಡಿ. ಕಾಲು ಒಂದಡಿ ಎತ್ತಿ ಹಿಡಿಯಿರಿ. ಸಾಧ್ಯವಾದರೆ ಭಾಷಣ ನಿಲ್ಲಿಸಿ. ನನ್ನದೂ ಉದ್ದವಾಗುತ್ತಿದೆ, ಬೇಕಾದವರು ಕಾಲ್ಬೆರಳು ಆಡಿಸಿಕೊಳ್ಳಿ.

ಕಿಡ್ನಿಗೆ ಬರೋಣ. ಎರಡೂ ಸೇರಿ ಮುನ್ನೂರು ಗ್ರಾಂ. ಆದರೆ ರಕ್ತದ ಐದನೇ ಒಂದು ಪಾಲು ಅಲ್ಲಿಗೆ ಹೋಗುತ್ತದೆ. ಅಷ್ಟು ಹಸಿವು ಅದಕ್ಕಿಲ್ಲ. ರಕ್ತ ಹೋಗುವುದು ತೊಳೆಸಿಕೊಳ್ಳಲು. ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಜರಡಿಗಳು. ಇವು ದಿನಕ್ಕೆ 180 ಲೀಟರ್ ನೀರನ್ನು ಸೋಸಿ ಹೊರಗೆ ಹಾಕುತ್ತವೆ. ನಾವು ಹೊಯ್ಯುವ ಮೂತ್ರ ಒಂದೂವರೆ ಲೀಟರ್. ಉಳಿದ 178 ಚಿಲ್ಲರೆ ಲೀಟರ್ ಮತ್ತೆ ಒಳಗೆ! ಇದೇನು ದಂಡದ ಕೆಲಸ ಅನ್ನಿಸುತ್ತದೆ. ಯುಗಾದಿಗೆ ಮನೆ ಸಾರಿಸುವುದನ್ನು ನೆನಪು ಮಾಡಿಕೊಳ್ಳಿ. ಮೂಲೆ ಮೂಲೆಯಲ್ಲಿ ಕಸ ಹುಡುಕುತ್ತಾ ಕೂರುವುದಿಲ್ಲ. ಸಾಮಾನೆಲ್ಲ ಅಂಗಳಕ್ಕೆ ಹಾಕಿ, ಬೇಕಾದ್ದನ್ನು ಮಾತ್ರ ಒಳಗೆ ತಂದುಕೊಳ್ಳುತ್ತೇವೆ. ಕಿಡ್ನಿಗೂ ಯಾವುದು ಕಸ ಅಂತ ಗುರುತಿಸುವ ಗೋಜಿಲ್ಲ. ಬೇಕಾದ್ದು ಗೊತ್ತು, ಸಕ್ಕರೆ, ಉಪ್ಪು, ನೀರು. ಅದನ್ನು ಎತ್ತಿಕೊಳ್ಳುತ್ತದೆ. ನೂರು ವರ್ಷದ ಹಿಂದೆ ಇಲ್ಲದ ಒಂದು ಔಷಧಿ ನಿಮ್ಮ ಮೈ ಸೇರಿದರೂ ಅಂಗಳದಲ್ಲೇ ಉಳಿದು ಹೊರಗೆ ಹೋಗುತ್ತದೆ.

ಈಗ ಬರಗಾಲದ ಮಾತು. ಪೆಟ್ಟು ಬಿದ್ದು ರಕ್ತ ಹೋಯಿತು, ಅಥವಾ ವಾಂತಿ ಭೇದಿಯಲ್ಲಿ ನೀರು ಹೋಯಿತು. ಐದು ಲೀಟರ್ ನಾಲ್ಕಾಯಿತು. ನೀರುಗಂಟಿ ಮೊದಲು ಚರ್ಮದ ತೂಬು ಮುಚ್ಚುತ್ತಾನೆ. ಕೈಕಾಲು ತಣ್ಣಗೆ, ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಕರುಳು. ಆಮೇಲೆ ಕಿಡ್ನಿ, ಮೂತ್ರ ಕಮ್ಮಿಯಾಗುತ್ತದೆ. ಮೆದುಳು, ಗುಂಡಿಗೆ ಎರಡಕ್ಕೆ ಮಾತ್ರ ಕೊನೆಯವರೆಗೂ ಬಿಡುತ್ತಾನೆ. ಇಂಥ ಹೊತ್ತಲ್ಲಿ ಕಿಡ್ನಿ ತನ್ನ ತೂಬನ್ನು ಒಂಚೂರು ತೆರೆದಿಟ್ಟುಕೊಳ್ಳಲು ಒಂದು ರಾಸಾಯನಿಕ ಮಾಡಿಕೊಳ್ಳುತ್ತದೆ. ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಎಷ್ಟೋ ಮಾತ್ರೆಗಳು ಅದನ್ನೇ ತಡೆಯುತ್ತವೆ. ಭೇದಿ ಆಗುತ್ತಿರುವಾಗ ನೋವಿನ ಮಾತ್ರೆ ನುಂಗಿ ಕಿಡ್ನಿ ಕೆಡಿಸಿಕೊಳ್ಳುವುದು ಹೀಗೆ.

ಹೋದ ನೀರು ತುಂಬಬೇಕು. ಬರೀ ನೀರು ಕುಡಿಸಿದರೆ ಭೇದಿಯಲ್ಲಿ ಅದೂ ಹೊರಗೆ. ಆದರೆ ಕರುಳಿನ ಗೋಡೆಯಲ್ಲಿ ಒಂದು ವಿಚಿತ್ರ ಬಾಗಿಲಿದೆ. ಉಪ್ಪು, ಸಕ್ಕರೆ ಎರಡೂ ಜೊತೆಯಾಗಿ ಬಂದರೆ ಮಾತ್ರ ತೆರೆಯುತ್ತದೆ, ಅವುಗಳ ಹಿಂದೆ ನೀರೂ ಒಳಗೆ ಬರುತ್ತದೆ. ಕಾಲರಾದಲ್ಲೂ ಈ ಬಾಗಿಲು ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್‌ಗೆ ಬಂದು ತುಂಬಿದಾಗ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಾಲನಬಿಸ್ ಅಲ್ಲಿದ್ದರು. ಡ್ರಿಪ್ ಬಾಟಲಿ ಸಾಲಲಿಲ್ಲ. ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿಟ್ಟು, ರೋಗಿಯ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಇವತ್ತು ಓಆರ್‌ಎಸ್ ಪೊಟ್ಟಣ ಅಂತ ಸಿಗುವುದು ಅದೇ ತತ್ವದ್ದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ಮಟ್ಟಸ ಇರಲಿ, ರಾಶಿ ಬೇಡ.

ಡೆಂಗಿಯಲ್ಲಿ ಬೇರೆ ತರದ ಬರ. ಕೆರೆಯ ಏರಿಯೇ ಜಿನುಗುತ್ತದೆ. ಲೋಮನಾಳದ ಗೋಡೆ ಸಡಿಲವಾಗಿ ರಕ್ತದ ನೀರಿನ ಅಂಶ ಹೊಟ್ಟೆಗೆ, ಎದೆಗೆ ಸೋರುತ್ತದೆ, ಅದೂ ಬಹಳ ಸಲ ಜ್ವರ ಇಳಿದ ಮೇಲೆ, ‘ಸದ್ಯ ಹುಷಾರಾದ’ ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ. ನಮ್ಮ ಊರಲ್ಲಿ ಡೆಂಗಿ ಅಂದರೆ ಎಲ್ಲರೂ ಕೇಳುವುದು ಒಂದೇ, ‘ಪ್ಲೇಟ್‌ಲೆಟ್ ಎಷ್ಟು?’ ಪರಂಗಿ ಎಲೆ ಅರೆಯಲು ಓಡುತ್ತಾರೆ. ಹೊಟ್ಟೆ ನೋವು ಇದೆಯಾ, ವಾಂತಿ ನಿಲ್ಲುತ್ತಿಲ್ಲವಾ, ಮೂತ್ರ ಹೋಗಿ ಎಷ್ಟು ಹೊತ್ತಾಯಿತು, ಇವನ್ನು ಕೇಳುವವರಿಲ್ಲ. ಅಪಾಯ ಜಾಸ್ತಿ ಇರುವುದು ಆ ಸೋರಿಕೆಯಲ್ಲಿ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಎಂಬಿಬಿಎಸ್ ಮುಗಿಸಿ ಹೌಸ್ ಸರ್ಜನ್ ಆಗಿದ್ದ ವರ್ಷ. ಒಂದು ಸಂಜೆ ನಾಲ್ಕು ವರ್ಷದ ಹುಡುಗನನ್ನು ತಂದರು, ಹಿಂದಿನ ದಿನದಿಂದ ಭೇದಿ. ನಾನು ಬಿಪಿ ನೋಡಿದೆ. ನಾರ್ಮಲ್. ‘ಏನೂ ತೊಂದರೆ ಇಲ್ಲಮ್ಮ, ಕುಡಿಯಲು ಕೊಡಿ’ ಅಂತ ಹೇಳಿ ಚೀಟಿ ಬರೆಯಲು ಕೂತೆ. ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ಹತ್ತಿರ ಬಂದರು. “ಡಾಕ್ಟ್ರೇ, ಬಿಪಿ ಇರ್ಲಿ. ಬೆಳಗ್ಗೆಯಿಂದ ಮಗು ಉಚ್ಚೆ ಹೊಯ್ದಿಲ್ವಂತೆ, ಕೇಳಿದ್ರಾ?” ನಾನು ಕೇಳಿರಲಿಲ್ಲ. ಅವರು ಹುಡುಗನ ಹೆಬ್ಬೆರಳಿನ ಉಗುರು ಒತ್ತಿ ಬಿಟ್ಟು, ನನ್ನ ಮುಖ ನೋಡುತ್ತಾ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಐದಕ್ಕೆ ಬಣ್ಣ ಬಂತು. ಪಾದ ಮುಟ್ಟಿದೆ, ಮಣ್ಣಿನ ಕೊಡದ ಹಾಗೆ ತಣ್ಣಗಿತ್ತು.

ಮಕ್ಕಳಲ್ಲಿ ನೀರುಗಂಟಿ ಬಹಳ ಚುರುಕು. ಸಿಕ್ಕ ತೂಬೆಲ್ಲ ಮುಚ್ಚಿ ಬಿಪಿಯನ್ನು ಎತ್ತಿ ಹಿಡಿದಿರುತ್ತಾನೆ. ಕೈಸೋತ ಮೇಲೆ ಒಮ್ಮೆಲೇ ಬಿಡುತ್ತಾನೆ. ನಾನು ನೋಡಿ ಸಮಾಧಾನಪಟ್ಟ ಆ ನಾರ್ಮಲ್ ಬಿಪಿ ಅವನ ಕೊನೆಯ ಪಟ್ಟಾಗಿತ್ತು.

ಡ್ರಿಪ್ ಹಾಕಲು ಸೂಜಿಗೆ ನಾಳ ಸಿಗಲಿಲ್ಲ, ಎಲ್ಲ ಬತ್ತಿದ್ದವು. ಮೂರನೇ ಸಲಕ್ಕೆ ಸಿಸ್ಟರೇ ಹಾಕಿದರು. ರಾತ್ರಿ ನಾನು ಅರ್ಧ ಗಂಟೆಗೊಮ್ಮೆ ಹೋಗಿ ಉಗುರು ಒತ್ತಿ ಎಣಿಸಿದೆ. ಐದು ನಾಲ್ಕಾಯಿತು, ನಾಲ್ಕು ಮೂರಾಯಿತು. ಬೆಳಗಿನ ಜಾವ ಮೂರು ಗಂಟೆ ಸುಮಾರಿಗೆ ವಾರ್ಡಿನ ಮೂಲೆಯಿಂದ ಆ ತಾಯಿ ಜೋರಾಗಿ ಕೂಗಿದಳು. ಏನಾಯಿತೋ ಅಂತ ಓಡಿದೆ. ಅವಳು ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಬೆಡ್‌ಶೀಟ್ ಎಳೆದು ತೋರಿಸಿದಳು. ಪೂರ್ತಿ ಒದ್ದೆ.

“ಹೊಯ್ಕೊಂಡ ಸಾರ್,” ಅಂದಳು. ಹಿಂದಿನಿಂದ ಸಿಸ್ಟರ್ ಇನ್ನೊಂದು ಬೆಡ್‌ಶೀಟ್ ತಂದು ನನ್ನ ಕೈಗೆ ಕೊಟ್ಟು, ನೀವೇ ಹಾಸಿ ಅಂದರು.